ಎದುರು ಗುಡ್ಡದ ಪಾವಿ

ನಮ್ಮ ಗ್ರಾಂಡ್ ರಿವಿಯೇರ್ ಊರಿನಲ್ಲಿ ಹಕ್ಕಿಯನ್ನು ಕಣ್ಣಿನಿಂದ ಗುರುತಿಸುವವರು ಹತ್ತು ಜನ ಸಿಕ್ಕಾರು, ಕಿವಿಯಿಂದ ಗುರುತಿಸುವವರು ಮೂರು ಜನ. ಯೂಫೇಮಿಯೊ ಲೆಸಾಮ ಇವೆರಡನ್ನೂ ಮೀರಿದವನು. ದಾರಿಯಲ್ಲಿ ಬಿದ್ದ ಹಣ್ಣಿನ ಸಿಪ್ಪೆಯನ್ನು ಎತ್ತಿ, ಮೂಸಿ, ಬೆರಳಲ್ಲಿ ತಿರುಗಿಸಿ ನೋಡಿ, "ಗಿಣಿಯಲ್ಲ ಕಣಯ್ಯಾ. ಗಿಣಿ ಅರ್ಧ ತಿಂದು ಅರ್ಧ ಬಿಸಾಕೋ ದೊಡ್ಡಮನುಷ್ಯ. ಇದು ಬಡವನ ಕೆಲಸ," ಎನ್ನುವನು. ನಾವು ಕತ್ತೆತ್ತಿದರೆ ಅಲ್ಲೇ ಮೇಲೆ, ಉದ್ದ ಬಾಲದ ಮೊಟ್‌ಮೊಟ್ ಹಕ್ಕಿ ಗಡಿಯಾರದ ಲೋಲಕದಂತೆ ಬಾಲ ಆಡಿಸುತ್ತ ಕೂತಿರುತ್ತಿತ್ತು.

ಫೇಮಿಯೊಗೆ ಈ ವಿದ್ಯೆ ಬಂದದ್ದು ಬಂದೂಕಿನಿಂದ. ಮೂವತ್ತೊಂದನೆಯ ವಯಸ್ಸಿನವರೆಗೆ ಅವನು ಬೇಟೆಗಾರ. ಮನೆಯಲ್ಲಿ ಐದು ನಾಯಿ, ಒಲೆಯ ಮೇಲೆ ಸದಾ ಹೊಗೆಗೆ ಕಟ್ಟಿದ ಕಾಡುಮಾಂಸ. ಆಗ ನಮ್ಮ ಬೆಟ್ಟಗಳಲ್ಲಿ ಪಾವಿ ಇನ್ನೂ ಸಾಕಷ್ಟಿತ್ತು. ಪಾವಿ ಎಂದರೆ ಕೋಳಿಗಿಂತ ದೊಡ್ಡ ಕಪ್ಪು ಹಕ್ಕಿ. ನೀಲಿ ಗಂಟಲು, ಕೆಂಪು ಕಾಲು, ತಲೆಯ ಮೇಲೆ ನರೆತ ಜುಟ್ಟು. ಈ ದ್ವೀಪ ಬಿಟ್ಟು ಲೋಕದಲ್ಲಿ ಇನ್ನೆಲ್ಲೂ ಇಲ್ಲ. ಅದಕ್ಕೆ ಭಯವೆಂಬುದು ಗೊತ್ತಿಲ್ಲ. ಬೇಟೆಗಾರ ಬೆರಳು ಬಾಯಿಗಿಟ್ಟು ಅದರಂತೆಯೇ ಸಿಳ್ಳು ಹಾಕಿದರೆ, ನಂಟರು ಬಂದರೇನೋ ಎಂದು ನೋಡಲು ಹತ್ತಿರವೇ ಬರುತ್ತದೆ.

ಆ ವರ್ಷ ಕಾರ್ನಿವಲ್‌ಗೆ ಮುಂಚಿನ ವಾರ ಫೇಮಿಯೊ ಒಣಗುಡ್ಡದ ನೆತ್ತಿಯಲ್ಲಿ ಕೂತು ಸಿಳ್ಳು ಹಾಕಿದ. ಜೋಡಿ ಪಾವಿ ಬಂದವು. ಒಂದನ್ನು ಹೊಡೆದ. ಇನ್ನೊಂದು ಹಾರಿಹೋಗಿ, ಒಂದು ಸುತ್ತು ಹಾಕಿ, ಅದೇ ಕೊಂಬೆಗೆ ಬಂದು ಕೂತು ಕೂಗತೊಡಗಿತು. ಅದನ್ನೂ ತರೋಣವೆಂದು ಮರುದಿನ ಹೋದ. ಬಂದೂಕು ಎತ್ತಿದ, ಇಳಿಸಿದ. ಹೀಗೆ ಒಂಬತ್ತು ದಿನ. ಒಂಬತ್ತು ದಿನವೂ ಅದು ಅಲ್ಲೇ ಕೂತು, ಸಣ್ಣ ದನಿಯಲ್ಲಿ ನಾಲ್ಕು ಸಲ ಕೂಗುವುದು, ಸುಮ್ಮನಾಗುವುದು, ಮತ್ತೆ ನಾಲ್ಕು ಸಲ. ಹತ್ತನೆಯ ದಿನ ಕೊಂಬೆ ಖಾಲಿ.

ಫೇಮಿಯೊ ಬಂದೂಕನ್ನು ಠಾಣೆಗೆ ಒಪ್ಪಿಸಿದ, ನಾಯಿಗಳನ್ನು ಭಾವಮೈದುನನಿಗೆ ಕೊಟ್ಟ. ಊರವರು ಕೇಳಿದರೆ ಸೊಂಟನೋವು ಎನ್ನುತ್ತಿದ್ದ. ನನ್ನನ್ನು ಅವನು ಕರೆಯುವುದು ಕೊಂಪೇ, ಅಂದರೆ ಗೆಳೆಯಾ, ಎಂದು; ನನಗೊಬ್ಬನಿಗೆ ನಿಜ ಹೇಳಿದ್ದ. "ಹೊಡೆದದ್ದು ನನ್ನನ್ನ ಕಾಡೋದಿಲ್ಲ ಕೊಂಪೇ. ಅದು ಸತ್ತದ್ದು ನಾನು ನೋಡಿದೀನಿ. ಉಳಿದದ್ದು ಎಲ್ಲಿ ಹೋಯ್ತು? ಅದೊಂದು ಗೊತ್ತಾದ್ರೆ ನಾನು ನಿದ್ದೆ ಮಾಡೇನು."

ಇದಾಗಿ ಎಷ್ಟೋ ವರ್ಷದ ಮೇಲೆ ಪಟ್ಟಣದ ಕಚೇರಿಯವರು ಪಾವಿಗಳ ಎಣಿಕೆ ಶುರುಮಾಡಿದರು. ಬೇಸಿಗೆಯಲ್ಲಿ ಮೂರು ಬೆಳಗು, ಬೆಟ್ಟದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಕೂರುವ ಜಾಗ. ನಸುಕಿನಿಂದ ಬಿಸಿಲೇರುವವರೆಗೆ ಕೂತು ಕಂಡದ್ದು, ಕೇಳಿದ್ದು ಚೀಟಿಯಲ್ಲಿ ಬರೆಯಬೇಕು. ಚೀಟಿಗಳನ್ನು ಒಟ್ಟುಮಾಡಿ ಬಸ್ಸಿಗೆ ಹಾಕುವ ಕೆಲಸ ನನ್ನದು. ನಾನು ಓದಿದ್ದು ಮೂರನೆಯ ಕ್ಲಾಸು. ರಟ್ಟು ಹರಿದ ಒಂದು ಹಕ್ಕಿಪುಸ್ತಕ ಇಟ್ಟುಕೊಂಡು ಉಳಿದದ್ದನ್ನೆಲ್ಲ ನಾನೇ ಕಲಿತೆ, ಮತ್ತು ನನ್ನ ಚೀಟಿಯಲ್ಲಿ ತಪ್ಪು ಹುಡುಕಿದವರು ಇದುವರೆಗೆ ಯಾರೂ ಇಲ್ಲ. ಕಚೇರಿಯವರ ನಿಯಮ ಒಂದೇ: ಸುಮ್ಮನೆ ಕೂತು ಕೇಳಬೇಕು. ಆದರೆ ನಮ್ಮಲ್ಲಿ ಎಣಿಸುವವರೆಲ್ಲ ಹಳೆಯ ಬೇಟೆಗಾರರು. ಕಾಡಿಗೆ ಹೋಗಿ ಸಿಳ್ಳು ಹಾಕದೆ ಕೂರು ಎಂದರೆ ಇಗರ್ಜಿಗೆ ಹೋಗಿ ಶಿಲುಬೆಯ ಗುರುತು ಮಾಡಬೇಡ ಎಂದಂತೆ. ಫೇಮಿಯೊ ಒಣಗುಡ್ಡವನ್ನೇ ಕೇಳಿ ಪಡೆದ. ಮೊದಲನೆಯ ಬೆಳಗೇ ಸಿಳ್ಳು ಹಾಕಿದ. ಕಣಿವೆಯಾಚೆಯ ಗುಡ್ಡದಿಂದ ಉತ್ತರ ಬಂತು.

ಅವತ್ತು ಅವನು ಇಳಿದು ಬಂದ ಮುಖವನ್ನು ನಾನು ಮರೆತಿಲ್ಲ. "ಇದೆ ಕೊಂಪೇ. ಒಂದು ಇದೆ. ಆಚೆ ಗುಡ್ಡಕ್ಕೆ ಹೋಗಿದೆ, ಅಷ್ಟೇ."

"ಅದೇ ಹಕ್ಕಿ ಹೇಗಾದೀತಯ್ಯಾ, ಇಷ್ಟು ವರ್ಷದ ಮೇಲೆ?"

"ಅದರ ಮಗಳಿರಲಿ, ಮೊಮ್ಮಗಳಿರಲಿ. ಕೂಗು ಅದೇ."

ಅಲ್ಲಿಂದ ಹದಿನೆಂಟು ವರ್ಷ ಅವನ ಚೀಟಿಯಲ್ಲಿ ಒಂದೇ ಲೆಕ್ಕ: ಪಾವಿ, ಒಂದು, ಕೇಳಿಸಿತು. ಚೀಟಿಯಲ್ಲಿ ಇನ್ನೊಂದು ಕಾಲಂ ಇದೆ, ರೆಕ್ಕೆಯದು. ಪಾವಿ ಬೆಳಗಿನ ಜಾವ ಕೊಂಬೆಯಿಂದ ಕೊಂಬೆಗೆ ಹಾರುವಾಗ ಹೊಸ ಬಟ್ಟೆ ಹರಿದಂತೆ ರೆಕ್ಕೆ ಸದ್ದು ಮಾಡುತ್ತದೆ. ಫೇಮಿಯೊನ ಆ ಕಾಲಂ ಹದಿನೆಂಟು ವರ್ಷವೂ ಖಾಲಿ. ನಾನು ನೋಡಿದ್ದೆ. ದೂರ ಹೆಚ್ಚಾಯಿತೇನೋ ಎಂದು ಸುಮ್ಮನಿದ್ದೆ. ಆ ಮುಖವನ್ನು ನೋಡಿದವರು ಯಾರಾದರೂ ಸುಮ್ಮನಿರುತ್ತಿದ್ದರು.

ಹತ್ತೊಂಬತ್ತನೆಯ ವರ್ಷ ಕಣಿವೆಯ ತಳದಲ್ಲಿ ಕೂರಬೇಕಾದವನಿಗೆ ಕಾಲು ಊದಿಕೊಂಡು, ಅವನ ಜಾಗಕ್ಕೆ ನಾನು ಹೋದೆ. ಹಳ್ಳದ ಪಕ್ಕ, ಎರಡು ಗುಡ್ಡಗಳ ನಡುವೆ. ಮಂಜು ಇನ್ನೂ ನೀರಿನ ಮೇಲೆ ಮಲಗಿತ್ತು. ಗಂಟೆಹಕ್ಕಿ ಕಬ್ಬಿಣಕ್ಕೆ ಸುತ್ತಿಗೆ ಹೊಡೆದಂತೆ ಕೂಗಿ ನಿಂತಿತು. ಆಮೇಲೆ ಎಡಗಡೆಯ ನೆತ್ತಿಯಿಂದ ಫೇಮಿಯೊನ ಸಿಳ್ಳು. ಅವನ ಮುಂದಿನ ಹಲ್ಲೊಂದು ಬಿದ್ದದ್ದರಿಂದ ನಾಲ್ಕನೆಯ ಕೂಗು ಸ್ವಲ್ಪ ಒಡೆಯುತ್ತದೆ. ಬಲಗಡೆಯಿಂದ ಉತ್ತರ ಬಂತು. ನಾಲ್ಕೂ ಕೂಗು ಅಚ್ಚುಕಟ್ಟು. ಪೆನ್ಸಿಲ್ ತೆಗೆದೆ.

ಬರೆಯುವ ಮೊದಲೇ ಬಲಗಡೆಯ ಗುಡ್ಡ ಕೆಮ್ಮಿತು.

ಪಾವಿಗೆ ಕೆಮ್ಮು ಬಂದದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ನಮ್ಮ ಕಾಡಿನಲ್ಲಿ ಸಿಳ್ಳು ಹಾಕಿ ಮನುಷ್ಯರನ್ನು ಕರೆಯುವ ಬೇರೆಯವರೂ ಇದ್ದಾರೆ. ದೀಕ್ಷಾಸ್ನಾನ ಆಗದೆ ಸತ್ತ ಮಕ್ಕಳು; ಅವರನ್ನು ದ್ವೆನ್ ಎನ್ನುತ್ತೇವೆ, ಅವರ ಪಾದ ಹಿಂದುಮುಂದು. ಅಂಥ ಕೂಗಿಗೆ ಓಗೊಡಬಾರದು ಎಂದು ನನ್ನವ್ವ ಹೇಳಿಕೊಟ್ಟಿದ್ದಳು. ಫೇಮಿಯೊ ಹದಿನೆಂಟು ವರ್ಷದಿಂದ ಓಗೊಡುತ್ತಿದ್ದಾನಲ್ಲ! ಹಳ್ಳ ದಾಟಿದೆ. ಆಚೆ ದಡದ ಕೆಸರಿನಲ್ಲಿ ಬರಿಗಾಲಿನ ಸಣ್ಣ ಹೆಜ್ಜೆಗಳಿದ್ದವು. ನಾಚಿಕೆ ಬಿಟ್ಟು ಹೇಳುತ್ತೇನೆ: ಬಗ್ಗಿ, ಬೆರಳು ಯಾವ ಕಡೆಗಿದೆ ಎಂದು ಎರಡೆರಡು ಸಲ ನೋಡಿದೆ. ಬೆರಳು ಮುಂದಕ್ಕೇ ಇದ್ದವು. ನೀರಿಗೆ ಬಂದು ಹಿಂತಿರುಗಿದ ಹೆಜ್ಜೆ.

ಅವು ನನ್ನನ್ನು ಹಳೆಯ ಕೊಕೊ ತೋಟದ ಒಂದು ಹಲಗೆ ಮನೆಗೆ ತಂದವು. ಹಿಂಬಾಗಿಲ ಮೆಟ್ಟಿಲಲ್ಲಿ ಊರಿಗೆಲ್ಲ ಚಿಕ್ಕಮ್ಮನಾದ ಟಾಂಟಿ ಸೆರಫೀನ್ ಕೂತಿದ್ದಳು. ಬೇಟೆಗಾರ ಲಿಯೊಪೋಲ್ಡ್‌ನ ಹೆಂಡತಿ. ಅವನು ಸತ್ತಮೇಲೆ ಒಂಟಿ. ಎಂಬತ್ತರ ಹತ್ತಿರ, ಹತ್ತು ವರ್ಷದ ಹುಡುಗಿಯಷ್ಟು ಸಣ್ಣ ಪಾದ.

"ಯಾರು, ಕ್ಲೋವಿಸ್ಸಾ? ಏನು ಮಾರಾಯ, ಮುಖ ಹಿಟ್ಟು ಬಳಿದ ಹಂಗಿದೆ. ಕೂತ್ಕೊ, ಕೊಕೊ ಕುದೀತಿದೆ."

"ಟಾಂಟಿ, ಈಗ ಸಿಳ್ಳು ಹಾಕಿದ್ದು ನೀನಾ?"

"ಹೂಂ ನಾನೇ." ಅವಳು ನಕ್ಕಳು, ಮತ್ತೆ ಕೆಮ್ಮಿದಳು. "ನಿಮ್ಮ ಕಡೆ ಗುಡ್ಡದಲ್ಲಿ ಒಂದು ಒಂಟಿ ಪಾವಿ ಇದೆಯಲ್ಲ, ಪ್ರತಿ ವರ್ಷ ಈ ದಿನಗಳಲ್ಲಿ ಕೂಗ್ತದೆ. ಪಾಪ, ಯಾರೂ ಉತ್ತರ ಕೊಡೋರಿಲ್ಲ ಅಂತ ನಾನು ಕೊಡ್ತೀನಿ. ಹೇಗಿದೆ ಅದು? ನೋಡಿದೀಯಾ?"

"ನೋಡಿದೀನಿ," ಎಂದೆ. "ಹ್ಯಾಟು ಹಾಕ್ಕೊಳ್ತದೆ. ರಬ್ಬರ್ ಬೂಟು ಬೇರೆ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಮೇಲೆ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ಫೇಮಿಯೊ?" ಎಂದಳು.

ಆ ಸಂಜೆ ಫೇಮಿಯೊಗೆ ಹೇಳಿದೆ. ಅವನು ಹುರಿದ ಹಲಸಿನ ಹೋಳು ತಿನ್ನುತ್ತಿದ್ದ; ತಿನ್ನುವುದನ್ನು ನಿಲ್ಲಿಸಲಿಲ್ಲ.

"ಪಾವಿಗೂ ಹೆಂಗಸಿಗೂ ವ್ಯತ್ಯಾಸ ನನಗೆ ಗೊತ್ತಾಗಲ್ವಾ? ನೀನು ಪುಸ್ತಕ ನೋಡಿ ಹಕ್ಕಿ ಕಲಿತವನು ಕೊಂಪೇ. ನಾನು ಸಾರಿನ ಪಾತ್ರೆಯಿಂದ ಕಲಿತವನು."

"ರೆಕ್ಕೆ ಕೇಳಿದೀಯಾ? ಒಂದೇ ಒಂದು ಸಲ?"

ಅವನು ಅಗಿಯುವುದನ್ನು ನಿಲ್ಲಿಸಿದ್ದು ಆಗ. ಎರಡನೆಯ ಬೆಳಗು ಅವನು ಗುಡ್ಡಕ್ಕೆ ಹೋದನೋ ಇಲ್ಲವೋ ನಾನು ಕೇಳಲಿಲ್ಲ. ಅವನು ಚೀಟಿ ಕೊಡಲಿಲ್ಲ. ಮೂರನೆಯ ಬೆಳಗು ನನ್ನ ಬಾಗಿಲಿಗೆ ಬಂದು, "ನಡಿ, ಅವಳ ಮನೆಗೆ ಹೋಗೋಣ. ಯಾರೂ ಸಿಳ್ಳು ಹಾಕೋದು ಬೇಡ. ಏನು ಕೂಗ್ತದೋ ನೋಡೋಣ," ಎಂದ.

ಟಾಂಟಿ ಸೆರಫೀನ್‌ಳ ಹಿಂಬಾಗಿಲಲ್ಲಿ ಮೂವರೂ ಕೂತೆವು. ಬೆಳಕು ಹರಿಯಿತು. ಗಂಟೆಹಕ್ಕಿ ಕೂಗಿತು. ಗಿಣಿಗಳ ಹಿಂಡು ಜಗಳವಾಡುತ್ತ ಹೋಯಿತು. ಹಳದಿಬಾಲದ ಹಕ್ಕಿಗಳು ತಮ್ಮ ತೂಗುಗೂಡುಗಳಿಂದ ಇಳಿದವು. ಫೇಮಿಯೊ ಪ್ರತಿಯೊಂದನ್ನೂ ಉಸಿರಿನಲ್ಲೇ ಹೆಸರು ಹೇಳಿ ಬದಿಗೆ ಸರಿಸುತ್ತಿದ್ದ, ಅಕ್ಕಿಯಿಂದ ಕಲ್ಲು ಆರಿಸುವವರ ಹಾಗೆ. ಎಲ್ಲ ಆರಿಸಿ ಮುಗಿದಮೇಲೆ ಏನೂ ಉಳಿಯಲಿಲ್ಲ. ಬಿಸಿಲು ಮೆಟ್ಟಿಲಿಗೆ ಬಂತು.

"ಈ ಸಿಳ್ಳು ನಿಂಗೆ ಕಲಿಸಿದ್ದು ಲಿಯೊಪೋಲ್ಡಾ?" ಎಂದು ಕೇಳಿದ.

"ಅವನದೆಲ್ಲ ಬರೀ ಗಾಳಿ. ನನಗೆ ಕಲಿಸಿದ್ದು ಪಾವಿಯೇ." ಅವಳು ಅಂಗಳದ ಜಾಜಿಕಾಯಿ ಮರ ತೋರಿಸಿದಳು. "ನನ್ನ ಮೂರನೆಯವಳು ಹೊಟ್ಟೇಲಿದ್ದ ವರ್ಷ. ಕಾರ್ನಿವಲ್ ಮುಗಿದು ಉಪವಾಸದ ದಿನಗಳು. ನಾನು ಏಳೋ ಹಂಗಿರಲಿಲ್ಲ, ಮಲಗೇ ಇದ್ದೆ. ನಿಮ್ಮ ಕಡೆಯಿಂದ ಹಾರಿಬಂದು ಈ ಮರದಲ್ಲಿ ಕೂತ್ಕೊಳ್ತು. ಜೊತೆ ಯಾರೂ ಇಲ್ಲ. ದಿನಾ ಕೂಗು. ನಾಲ್ಕು ಸಲ, ಆಮೇಲೆ ಕಾಯೋದು, ಮತ್ತೆ ನಾಲ್ಕು. ಮಲಗಿದಲ್ಲೇ ನಾನೂ ಕೂಗಿದೆ. ಅದು ಕತ್ತು ಹೀಗೆ ಓರೆ ಮಾಡಿ ಕಿಟಕಿ ಕಡೆ ನೋಡೋದು."

ಫೇಮಿಯೊನ ಎರಡು ಕೈಗಳೂ ಮೊಣಕಾಲ ಮೇಲಿದ್ದವು. "ಯಾವ ವರ್ಷ ಅದು?"

"ಮಗಳಿಗೀಗ ನಲವತ್ಮೂರು."

ಅವನು ಲೆಕ್ಕ ಹಾಕಬೇಕಾಗಿರಲಿಲ್ಲ. "ಆಮೇಲೆ?"

"ಆಮೇಲೇನು. ಈಸ್ಟರ್ ಹಿಂದಿನ ಶನಿವಾರ ಲಿಯೊಪೋಲ್ಡ್ ಹೊಡೆದ. ಬಸುರಿಗೆ ಶಕ್ತಿ ಬರ್ಲಿ ಅಂತ ಸಾರು ಮಾಡಿದ." ಅವಳು ಅವನ ಮುಖ ನೋಡಿಯೇ ಹೇಳಿದಳು. "ತಿಂದೆ ಫೇಮಿಯೊ. ರುಚಿಯಾಗಿತ್ತು. ಸುಳ್ಳು ಯಾಕೆ ಹೇಳ್ಲಿ, ಇನ್ನೊಂದು ಬಟ್ಟಲು ಕೇಳಿದೆ."

ಒಳಗೆ ಕೊಕೊ ಉಕ್ಕಿ ಒಲೆಗೆ ಬಿದ್ದ ವಾಸನೆ ಬಂತು. ಅವಳು ಏಳಲಿಲ್ಲ.

"ಎಷ್ಟೋ ವರ್ಷ ಈ ಕಣಿವೇಲಿ ಪಾವಿ ಕೂಗಲಿಲ್ಲ. ಆಮೇಲೆ ಒಂದು ಬೆಳಗ್ಗೆ ನಿಮ್ಮ ಗುಡ್ಡದಿಂದ ಕೂಗು ಬಂತು. ಅದರ ಜೋಡಿ ಹುಡುಕ್ಕೊಂಡು ಬಂದಿದೆ ಅಂದ್ಕೊಂಡೆ. ಇಲ್ಲ, ತಿಂದುಬಿಟ್ಟೆ ಅಂತ ಹೇಳಕ್ಕಾಗ್ತದಾ ಹಕ್ಕಿಗೆ? ಅದಕ್ಕೇ ಉತ್ತರ ಕೊಟ್ಟೆ."

ಫೇಮಿಯೊ ಹ್ಯಾಟು ತೆಗೆದು ತೊಡೆಯ ಮೇಲಿಟ್ಟುಕೊಂಡ. "ಒಂದು ಸಲ ಹಾಕು," ಎಂದ. "ಇಲ್ಲೇ."

ಅವಳು ಎರಡು ಬೆರಳು ತುಟಿಗಿಟ್ಟಳು. ಹತ್ತಿರದಿಂದ ಕೇಳುವಾಗ ಅದು ಕಣಿವೆಯಾಚೆಯಿಂದ ಕೇಳಿದ ಹಾಗಿರಲಿಲ್ಲ. ಮೊದಲ ಕೂಗು ಸಣ್ಣಗೆ ಏಳುವುದು, ಎರಡನೆಯದು ಅದಕ್ಕಿಂತ ಮೇಲೆ, ಮೂರನೆಯದರ ನಡುವೆ ಒಂದು ಚೂರು ತಡೆ, ನಾಲ್ಕನೆಯದು ಎಳೆದು ಎಳೆದು ಕಾಣೆಯಾಗುವುದು. ಸುಕ್ಕುಗಟ್ಟಿದ ಬಾಯಿಂದ ಬರುವ ದನಿಯಲ್ಲ ಅದು. ಹಾಡುಹಗಲಿನಲ್ಲಿ, ಪಕ್ಕದಲ್ಲಿ ಇಬ್ಬರು ಇದ್ದೂ, ನಾನು ಮರದ ಕಡೆ ನೋಡಿದೆ.

ಫೇಮಿಯೊ ನೋಡಲಿಲ್ಲ. ಕಣ್ಣು ಮುಚ್ಚಿದ್ದ. "ಆ ಮೂರನೆಯದರ ತಡೆ," ಎಂದ. "ಒಂಬತ್ತು ದಿನ ಅದನ್ನೇ ಕೇಳಿದೆ ನಾನು. ಬೇರೆ ಯಾವ ಪಾವಿಯೂ ಹಾಗೆ ತಡೆಯಲ್ಲ."

"ನಂಗೆ ಬೇರೆ ಪಾವಿ ಗೊತ್ತಿಲ್ಲ," ಎಂದಳು ಸೆರಫೀನ್.

ಜೇಬಿನಿಂದ ಚೀಟಿ ತೆಗೆದು ಮೊಣಕಾಲ ಮೇಲೆ ಬಿಡಿಸಿದ. ಪಾವಿಯ ಮುಂದೆ ಸೊನ್ನೆ ಬರೆದು ನನಗೆ ಕೊಟ್ಟ.

"ಹಿಂದಿನವು?" ಎಂದೆ.

"ಹದಿನೆಂಟೂ ಹೊಡೆದುಹಾಕು. ಕಚೇರಿಯವರಿಗೆ ಬರಿ, ಮುದುಕನ ಕಿವಿ ಮೋಸ ಮಾಡ್ತು ಅಂತ."

"ನಿನ್ನ ಕಿವಿ ಮೋಸ ಮಾಡಿಲ್ಲ ಫೇಮಿಯೊ."

"ಸತ್ತ ಹಕ್ಕಿಗೆ ಕಾಲಂ ಇದೆಯಾ ಚೀಟೀಲಿ? ಇಲ್ವಲ್ಲ. ಹೊಡೆದುಹಾಕು."

ಅವನು ಎದ್ದಾಗ ಸೆರಫೀನ್ ಅವನ ತೋಳು ಹಿಡಿದುಕೊಂಡಳು. "ನೀವಿಬ್ಬರೂ ನಿಜ ಹುಡುಕಿ ಹೊರಟ್ರಿ. ನಾಳೆ ಬೆಳಗ್ಗೆ ನಾನು ಏನು ಕೇಳ್ಲಿ?" ಫೇಮಿಯೊ ಹ್ಯಾಟು ಹಾಕಿಕೊಂಡ. ಕೆಳಗೆ ಇಳಿಯುವಾಗ ಅವನು ನನಗಿಂತ ಮುಂದಿದ್ದ. ನಾನು ಕಂಡಂತೆ ಅವನು ಕಾಡಿನಲ್ಲಿ ಒಂದು ಸಲವೂ ಕತ್ತೆತ್ತದೆ ನಡೆದದ್ದು ಅವತ್ತೇ.

ಆ ಹದಿನೆಂಟು ವರ್ಷದ ಸಾಲುಗಳನ್ನು ನಾನೇ ಹೊಡೆದುಹಾಕಿದೆ. ಕಚೇರಿಯವರು ತಮ್ಮ ನಕ್ಷೆಯಲ್ಲಿ ನಮ್ಮ ಕಣಿವೆಯ ಚುಕ್ಕಿಯನ್ನು ಅಳಿಸಿದರು. ಫೇಮಿಯೊಗೆ ನಿದ್ದೆ ಬರುತ್ತದೆಯೇ ಎಂದು ನಾನು ಕೇಳಿಲ್ಲ. ಮರುವರ್ಷವೂ ಅವನು ಒಣಗುಡ್ಡವನ್ನೇ ಕೇಳಿ ಪಡೆದ, ಮೊದಲ ಬೆಳಗು ನಾನೂ ಜೊತೆಗೆ ಹೋದೆ. ಅವನು ಸಿಳ್ಳು ಹಾಕಲಿಲ್ಲ, ಎದುರು ಗುಡ್ಡವೂ ಸುಮ್ಮನಿತ್ತು. ಆದರೂ ಪೆನ್ಸಿಲನ್ನು ಕಾಗದದ ಮೇಲೆ ಹಿಡಿದುಕೊಂಡು, ನಾಲ್ಕು ಕೂಗು ಕೂಗಿ ಮುಗಿಯುವಷ್ಟು ಹೊತ್ತು ಕಾದ. ಮೂರನೆಯದರ ತಡೆಗೂ ಅಷ್ಟು ಬಿಟ್ಟು, ಆಮೇಲೆ ಸೊನ್ನೆ ಬರೆದ.