ಗಂಜಿ ತೆಳಿಯಲ್ಲಿ ಒಂದು ಕೈ

ಚರ್ಚಿನ ಹಿಂದಿನ ಹಾಲ್‌ನಲ್ಲಿ ಅಡುಗೆಮನೆಯ ಬಾಗಿಲು ತೆರೆದಾಗ ಕುಚ್ಚಲಕ್ಕಿ ಬೆಂದ ವಾಸನೆ ಬಂತು. ನನಗರಿವಿಲ್ಲದೆ ಎರಡೂ ಅಂಗೈ ತಿರುಗಿಸಿ ನೋಡಿಕೊಂಡೆ. ಆಂಟಿ ತೀರಿಕೊಂಡು ತಿಂಗಳಾಗಿತ್ತು. ಅವರಿಗಾಗಿ ನಡೆದ ಪೂಜೆ ಮುಗಿದು ಎಲ್ಲರೂ ಊಟಕ್ಕೆ ಕಾಯುತ್ತಿದ್ದೆವು...

ಐದಾರು ವರ್ಷಗಳ ಹಿಂದೆ, ನಗರದ ಹೊರವಲಯದ ಕೆಂಟ್‌ನ ಅಪಾರ್ಟ್‌ಮೆಂಟಿನಲ್ಲಿ ಅವರದು ನಮ್ಮ ಎದುರು ಮನೆ. ಮಂಗಳೂರು ಕಡೆಯವರು, ಮಗಳ ಜೊತೆಗಿದ್ದರು. ನಾನಾಗ ನಗರದೊಳಗಿನ ಫ್ರೀಮಾಂಟ್‌ನ ಆಫೀಸಿಗೆ ಓಡಾಡುತ್ತಿದ್ದೆ. ಪ್ರಾಜೆಕ್ಟಿನ ಗಡುವು ಹತ್ತಿರವಾದಷ್ಟೂ ಕೈಯ ಇಸುಬು ಕೆರಳುತ್ತಿತ್ತು. ಬೆರಳ ಸಂದಿಗಳು ಬಿರಿದು, ಸಾರು ತಾಗಿದರೆ ಕಣ್ಣಲ್ಲಿ ನೀರು. ತಿಂಗಳುಗಟ್ಟಲೆ ಚಮಚದಲ್ಲಿ ಉಂಡೆ. ಹೊಟ್ಟೆ ತುಂಬುತ್ತಿತ್ತು, ಊಟ ಮಾಡಿದಂತಾಗುತ್ತಿರಲಿಲ್ಲ. ಮತ್ತೆ ಕೈಯಲ್ಲಿ ಕಲಸಿ ಉಣ್ಣಬೇಕು ಎಂಬುದೊಂದೇ ಹಟ.

ಡಾಕ್ಟರು ಮುಲಾಮು ಬರೆದುಕೊಟ್ಟು, ಒತ್ತಡ ಕಡಿಮೆ ಮಾಡಿಕೊಳ್ಳಿ ಎಂದಿದ್ದರು. ಮುಲಾಮು ಹಚ್ಚುವುದು ಹೇಗೆಂದು ತಿಳಿಸಿದರು, ಒತ್ತಡ ಇಳಿಸುವುದು ಹೇಗೆಂದು ತಿಳಿಸಲಿಲ್ಲ. ಆಂಟಿಗೆ ಅದರ ದಾರಿ ಗೊತ್ತಿತ್ತು. ಗಂಜಿಯ ತಿಳಿ, ಅವರ ಬಾಯಲ್ಲಿ ತೆಳಿ, ಆರಿದ ಮೇಲೆ ಅದರಲ್ಲಿ ಕೈ ಅದ್ದಿ ಕೂರುವುದು. ನಾನು ವಿಜ್ಞಾನ ಓದಿದವನು, ಪರೀಕ್ಷೆಯಾಗಲಿ ಎಂದೆ.

“ಒಂದ್ ಕೈ ಮಾತ್ರ ಅದ್ತೀನಿ ಆಂಟಿ. ಯಾವ್ದು ಮೊದ್ಲು ವಾಸಿ ಆಗತ್ತೆ ನೋಡೋಣ.”

“ನೋಡು ಮಾರಾಯ. ಆದ್ರೆ ಮುಲಾಮು ಎರಡಕ್ಕೂ ಹಾಕ್ಬೇಕು. ಅದು ಬಿಟ್ರೆ ನನ್ನ ಮನೆಗೆ ಬರ್ಬೇಡ.”

ಸಂಜೆ ಹೋದೊಡನೆ ನನ್ನ ಫೋನ್ ಕಸಿದು ಫ್ರಿಜ್ ಮೇಲಿಡುತ್ತಿದ್ದರು. ನಾನು ಬಟ್ಟಲಿನ ಮುಂದೆ ಕೂರುತ್ತಿದ್ದೆ. ಅವರು ಬೆಳ್ಳುಳ್ಳಿ ಸುಲಿಯುತ್ತ ನಾದಿನಿಯ ಜಿಪುಣತನ ವರ್ಣಿಸುತ್ತಿದ್ದರು. ಒಂದೇ ಮೀನಿನ ತಲೆಯನ್ನು ಇಬ್ಬರು ನೆಂಟರಿಗೆ ಬಡಿಸಿದ್ದಳಂತೆ.

ಚಳಿ ಕಳೆಯುವಷ್ಟರಲ್ಲಿ ಬಿರುಕುಗಳು ಕೂಡಿಕೊಂಡವು. ಆದರೆ ಮೊದಲು ಯಾವ ಕೈ? ತೆಳಿಯಲ್ಲಿ ಅದ್ದಿದ್ದಾದರೂ ಯಾವುದು? ಪರೀಕ್ಷೆಗೆ ಎಡಗೈ ಸಾಕೆಂದು ವಾದಿಸಿದ ನೆನಪಿದೆ. ಬಲಗೈಯ ಉಗುರಿಗೆ ತೆಳಿಯ ಅಗುಳು ಅಂಟಿದ್ದ ನೆನಪೂ ಅಷ್ಟೇ ಸ್ಪಷ್ಟ. ಪ್ರಾಜೆಕ್ಟೂ ಅದೇ ಸುಮಾರಿಗೆ ಮುಗಿದಿತ್ತು... ಆಮೇಲೆ ಅವರು ಮನೆ ಬದಲಿಸಿ ನಗರದ ಆಚೆಗಿನ ಎವರೆಟ್‌ಗೆ ಹೋದರು. ಕೇಳಿದರಾಯಿತು ಎಂದುಕೊಂಡೇ ವರ್ಷಗಳು ಕಳೆದವು.

ಹಾಲ್‌ನಲ್ಲಿ ಅವರ ಮಗಳನ್ನು ಕೇಳಿದೆ, ಅಮ್ಮ ಯಾವ ಕೈ ಅಂತ ಏನಾದರೂ ಹೇಳಿದ್ದರೇ ಎಂದು. ಅತ್ತು ಕೆಂಪಾಗಿದ್ದ ಕಣ್ಣಲ್ಲೇ ಆಕೆ ನಕ್ಕಳು.

“ಕೈ ವಿಷಯ ಎಂತದೂ ಹೇಳ್ಲಿಲ್ಲ. ಆ ಹುಡುಗ ಫೋನ್ ಇಲ್ಲದೆ ಅರ್ಧ ಗಂಟೆ ಕೂತ, ಅದೇ ದೊಡ್ಡ ಪವಾಡ ಅಂತ ಹೇಳ್ತಿದ್ರು.”

ಅದನ್ನು ನಾನು ಪರೀಕ್ಷೆಯ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಮೇಜಿನ ಮೇಲೆ ಪ್ಲಾಸ್ಟಿಕ್ ಚಮಚಗಳಿದ್ದವು. ಈ ಚಳಿಗಾಲ ಕೈ ಮತ್ತೆ ಬಿರಿದಿದೆ. ಕೇಳಿ ತಿಳಿಯಲು ಅವರಿಲ್ಲ. ಅನ್ನಕ್ಕೆ ಸಾರು ಸುರಿದು ಬಲಗೈಯಲ್ಲೇ ಕಲಸಿದೆ. ಉರಿಯಿತು. ತಟ್ಟೆ ಖಾಲಿಯಾಗುವವರೆಗೆ ಉಂಡೆ.