ಬಿದ್ದರೆ ಕರೆಯುವ ವಾಚು

ಸತ್ಯನಾರಾಯಣಪೇಟೆಯಲ್ಲಿ ಜೀನ್ಸಿನ ಗುಂಡಿ, ಜಿಪ್ಪು ಮಾರುವ ಮರಿಬಸಪ್ಪನವರಿಗೆ ವಾಚು ಹೇಳದ ಹೊರತು ಬಾಯಾರಿಕೆಯೂ ಆಗುವುದಿಲ್ಲ. ಅದು ನಡೆಯೆಂದರೆ ಗಿರಾಕಿಯನ್ನು ನಿಲ್ಲಿಸಿ ಅಂಗಡಿಯೊಳಗೇ ನಾಲ್ಕು ಸುತ್ತು ಹಾಕುತ್ತಾರೆ. "ಸಾವ್ಕಾರ್ರ, ಉಸಿರಾಡಾಕೂ ಅದನ್ನ ಕೇಳ್ತೀರೇನ್ರಿ?" ಎಂದು ದರ್ಜಿ ಪಕ್ಕೀರಪ್ಪ ಕಿಚಾಯಿಸಿದರೆ, "ನನಗಿಂತ ಅದಕ್ಕ ಬುದ್ಧಿ ಐತೋ" ಎನ್ನುತ್ತಾರೆ. ಕಟ್ಟಿಕೊಂಡವರು ಬಿದ್ದರೆ ಮನೆಯವರಿಗೆ ತಾನೇ ಫೋನು ಮಾಡುವ ಈ ವಾಚನ್ನು ಅವರು ಕೊಂಡದ್ದು ಹೆಂಡತಿ ಸುನಂದಾಗೆ. ಪ್ರತಿ ಸೋಮವಾರ ಆಕೆ ಹಲಕುಂದಿ ಮಠದಲ್ಲಿ ದೀರ್ಘದಂಡ ನಮಸ್ಕಾರ ಹಾಕುವಾಗ, ಬಿದ್ದಳೆಂದೇ ತಿಳಿದು ಆಕೆಯ ಕೈಯಲ್ಲಿದ್ದ ವಾಚು ಅಂಗಡಿಯಲ್ಲಿದ್ದ ಇವರಿಗೆ ಫೋನು ಹಚ್ಚುತ್ತಿತ್ತು. "ಏನೂ ಆಗಿಲ್ಲೋ, ನಮಸ್ಕಾರ ಹಾಕಾಕತ್ತಾಳ" ಎಂದು ಪಕ್ಕೀರಪ್ಪನಿಗೆ ಹೇಳಿ ನಗುತ್ತಾ ಕಟ್ ಮಾಡುತ್ತಿದ್ದರು. ಒಂದು ಸೋಮವಾರ ಹಾಗೆಯೇ ನಾಲ್ಕು ಸಲ ಕಟ್ ಮಾಡಿದರು. ಅಂದು ಸುನಂದಾ ಮಠ ತಲುಪುವ ಮೊದಲೇ ದಾರಿಯಲ್ಲಿ ಕುಸಿದಿದ್ದಳು, ಮತ್ತೆ ಏಳಲಿಲ್ಲ. ಈಗ ಸೋಮವಾರದ ದೀರ್ಘದಂಡ ಮರಿಬಸಪ್ಪನವರದು. ಕೈಯಲ್ಲಿ ಆಕೆಯ ವಾಚು, ತಲೆಯ ಬಳಿ ಕಲ್ಲಿನ ಮೇಲೆ ತಮ್ಮ ಫೋನು. ಅಡ್ಡಬಿದ್ದ ಸ್ವಲ್ಪ ಹೊತ್ತಿಗೆ ಫೋನು ರಿಂಗಾಗುತ್ತದೆ. ಮೊದಲ ರಿಂಗಿಗೇ ಎತ್ತಿ, ಹಣೆಯನ್ನು ನೆಲದಿಂದ ಎತ್ತದೆ ಹೇಳುತ್ತಾರೆ: "ಹೊಂಟೀನಿ ಸುನಂದಾ, ಈಗ ಹೊಂಟೀನಿ."