ನನಗೆ ಕೊಡದ ಉಳಿ

ಮೇಸ್ತ್ರಿಯ ಬಲಗೈ ಹೆಬ್ಬೆರಳಿನ ಉಗುರು ಹುಣಸೆ ಬೀಜದಂತೆ ಕಂದುಗಟ್ಟಿ ದಪ್ಪಗಿತ್ತು. ಮರ ತಿರುಗಿಸುವ ಲೇತಿನಲ್ಲಿ ಕಡೆದದ್ದನ್ನು ಅವರು ಕಣ್ಣಿನಿಂದ ಪರೀಕ್ಷಿಸುತ್ತಿರಲಿಲ್ಲ. ಕಣ್ಣು ಮುಚ್ಚಿ, ಆ ಉಗುರನ್ನು ಉದ್ದಕ್ಕೂ ಎಳೆಯುತ್ತಿದ್ದರು. ಎಲ್ಲಿ ತಡೆಯಿತೋ ಅಲ್ಲಿ ತಪ್ಪು.

ಹರಪನಹಳ್ಳಿಯ ಅವರ ಅಂಗಡಿಯಲ್ಲಿ ಲಟ್ಟಣಿಗೆ, ತೊಟ್ಟಿಲ ಕಾಲು ತಯಾರಾಗುತ್ತಿದ್ದವು. ಹೈಸ್ಕೂಲಿನ ಗುಮಾಸ್ತನಾದ ನಾನು ನಲವತ್ತು ದಾಟಿದ ಮೇಲೆ ಆಸೆಪಟ್ಟು ಸಂಜೆ ಹೊತ್ತು ಕಲಿಯಲು ಹೋದೆ. ನನ್ನ ಗ್ರಹಚಾರ, ಅದೇ ವಾರ ಅವರ ಸೊಸೆಯೂ ಕಲಿಯಲು ಲೇತಿನ ಮುಂದೆ ನಿಂತಳು.

ನಾನು ತಾಗಿಸಿದ ಕೂಡಲೇ ಉಳಿ ಮರಕ್ಕೆ ಕಚ್ಚಿಕೊಂಡು ಕೈ ಜಗ್ಗುತ್ತಿತ್ತು.

"ಗುಮಾಸ್ತರ, ಸೀಲು ಒತ್ತಿದಂಗ ಒತ್ತಬ್ಯಾಡ್ರಿ. ಮೊದ್ಲು ಉಳಿ ಬೆನ್ನು ಮರಕ್ಕ ತಾಗ್ಲಿ, ಬಾಯಿ ಆಮ್ಯಾಲೆ" ಎಂದರು ಮೇಸ್ತ್ರಿ.

ಸೊಸೆ ಒಮ್ಮೆ ಕೇಳಿ ಹಾಗೇ ಮಾಡಿದಳು. ಸಿಪ್ಪೆ ಸುರುಳಿ ಸುರುಳಿಯಾಗಿ ಬಿತ್ತು. ನನ್ನ ಮೊದಲ ಲಟ್ಟಣಿಗೆಗೆ ನಟ್ಟನಡುವೆ ತಗ್ಗು. ಮೇಸ್ತ್ರಿ ಉಗುರು ಎಳೆದು, ಅದನ್ನು ಮೂಲೆಯಲ್ಲಿಟ್ಟರು.

ಅವರ ಅಪ್ಪನ ಕಾಲದ ಉಳಿಯೊಂದಿತ್ತು. ನನಗೆ ಮುಟ್ಟಗೊಡಲಿಲ್ಲ. ಮೂರೇ ತಿಂಗಳಿಗೆ ಅವಳ ಕೈಗೆ ಕೊಟ್ಟರು. "ತಗೋವಾ, ಇದು ನಿನ್ನ ಮಾತು ಕೇಳ್ತೈತಿ." ಅವತ್ತು ಹೊಟ್ಟೆಕಿಚ್ಚಿಗೆ ನನಗೆ ಊಟ ಸೇರಲಿಲ್ಲ.

ಒಂದು ಸಂಜೆ ಚಿಗಟೇರಿಯ ಗಿರಾಕಿಯೊಬ್ಬರು ಅವಳು ಕಡೆದ ತೊಟ್ಟಿಲ ಕಾಲನ್ನು ಸವರುತ್ತಾ, "ಯಾರ ಕೈಕೆಲಸ್ರಿ ಇದು?" ಎಂದರು. ಅವಳು ಒಳಗಿದ್ದಳು.

"ನಂದೇ" ಎಂದುಬಿಟ್ಟೆ.

ಮೇಸ್ತ್ರಿ ತಲೆ ಎತ್ತಲಿಲ್ಲ. ಗಿರಾಕಿ ಹೋದ ಮೇಲೆ ನನ್ನ ಮುಂದೆ ಬೇವಿನ ತುಂಡುಗಳನ್ನಿಟ್ಟರು. "ಅದರ ಜೋಡಿ ಇನ್ನಾ ಮೂರು ಕಾಲು ಬೇಕು. ನೀವ ಮಾಡ್ರಿ."

ಎಂಟು ದಿನ ಒದ್ದಾಡಿದೆ. ಒಂದೂ ಹೊಂದಲಿಲ್ಲ. ಕೊನೆಗೆ ಅವಳೇ ಮಾಡಿಕೊಟ್ಟಳು, ಒಂಚೂರೂ ನಗದೆ. ನಕ್ಕಿದ್ದರೆ ವಾಸಿಯಿತ್ತು. ಆಮೇಲೆ ನಾನು ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಎರಡು ವರ್ಷದ ಮೇಲೆ ಮೇಸ್ತ್ರಿ ತೀರಿಕೊಂಡ ಸುದ್ದಿ ಬಂದಾಗ ಹೋದೆ. ಎಲ್ಲ ಮುಗಿದ ಮೇಲೆ ಸೊಸೆ ಆ ಉಳಿಯನ್ನು ತಂದು ನನ್ನ ಕೈಗಿಟ್ಟಳು. ಹಿಡಿಯ ನಡುವೆ ಒಂದು ತಗ್ಗು. ನನ್ನ ಬೆರಳುಗಳು ಅದರಲ್ಲಿ ತಾವಾಗಿ ಕೂತವು.

"ನೀವು ಬಿಟ್ಟ ಮ್ಯಾಲೆ ಹಳೇ ಹಿಡಿ ಸೀಳ್ತು ಸರ್. ಮಾವಾರು ನಿಮ್ಮ ಲಟ್ಟಣಿಗಿ ಕೊಯ್ದು ಹಿಡಿ ಮಾಡಿ ಹಾಕಿದ್ರು. ಕೈ ಜಾರಂಗಿಲ್ಲ, ಗುಮಾಸ್ತರು ಚೊಲೋ ಮಾಡ್ಯಾರ ಅಂತಿದ್ರು."

ನನ್ನೆದುರು ಒಮ್ಮೆಯೂ ಹಾಗೆ ಅಂದಿರಲಿಲ್ಲ. ಆ ಮಾತನ್ನೂ ಅವಳೇ ಕೇಳಿಸಿಕೊಂಡಳಲ್ಲ ಎಂದು ಮತ್ತೆ ಹೊಟ್ಟೆ ಉರಿಯಿತು. ಉಳಿಯನ್ನು ಅವಳಿಗೇ ಹಿಂದಿರುಗಿಸಿ, ನಾಳೆಯಿಂದ ಕಲಿಯಲು ಬರಲೇ ಎಂದು ಕೇಳಿದೆ.